ಹಿತ್ತಲ ಗಿಡ ಮದ್ದಾಗುವ ಬಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದವರಿಲ್ಲ. ಕೈಗೆ ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ ಎಂಬುದು ಅದರ ರೂಢಿಯ ಅರ್ಥ. ವೈದ್ಯರಾದ ನಮ್ಮ ಕಿವಿಗೆ ಅದೇ ಗಾದೆ ಎಚ್ಚರಿಕೆಯ ಮಾತಾಗಿಯೂ ಕೇಳಿಸುತ್ತದೆ. ಹಿತ್ತಲಿನಲ್ಲಿ ಬೆಳೆದಿದೆ ಎಂದ ಮಾತ್ರಕ್ಕೆ ಯಾವ ಗಿಡವೂ ಮದ್ದಾಗುವುದಿಲ್ಲ. ಅದರ ಹೆಸರು ತಿಳಿದಿರಬೇಕು. ನೂರು ಗಿಡಗಳ ನಡುವೆ ಇದ್ದರೂ ಅದನ್ನು ಕಂಡು ಹಿಡಿಯಲು ಬರಬೇಕು. ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂಬ ಅಳತೆ ಗೊತ್ತಿರಬೇಕು. ಚರಕಸಂಹಿತೆಯ ಸೂತ್ರಸ್ಥಾನವು ಮೊದಲ ಅಧ್ಯಾಯದಲ್ಲಿಯೇ ಈ ವಿಚಾರವನ್ನು ಎತ್ತಿಕೊಳ್ಳುತ್ತದೆ. ಆಡು ಕುರಿ ದನಗಳನ್ನು ಕಾಯುವವರೂ ಅಡವಿಯಲ್ಲಿ ಬಾಳುವವರೂ ಗಿಡಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲರೆಂದು ಆಚಾರ್ಯರು ಗೌರವದಿಂದ ಒಪ್ಪುತ್ತಾರೆ. ಅದರ ಜೊತೆಗೆ ಪ್ರಯೋಗದ ಕ್ರಮವನ್ನೂ ಬಲ್ಲವನೇ ವೈದ್ಯನೆನ್ನುತ್ತಾರೆ. ಅರಿತು ಬಳಸಿದ ಔಷಧ ಅಮೃತಕ್ಕೆ ಸಮಾನ, ಅರಿಯದೆ ಬಳಸಿದ್ದು ವಿಷಕ್ಕೆ ಸಮಾನ ಎಂಬುದು ಅಲ್ಲಿಯ ತಾತ್ಪರ್ಯ.

ನಾಮ, ರೂಪ, ಯೋಗ ಎಂಬ ಈ ಮೂರನ್ನು ನಮ್ಮ ಕೊಡಗಿನ ಹಳೆಯ ಮನೆಗಳ ಹೆಣ್ಣುಮಕ್ಕಳು ಯಾವ ಗ್ರಂಥವನ್ನೂ ಓದದೆ ಒಟ್ಟಿಗೆ ಕಾಪಾಡಿಕೊಂಡು ಬಂದರು. ತವರಿನಿಂದ ಗಿಡದ ಕಡ್ಡಿಯೊಂದನ್ನು ಬಾಳೆಯ ಎಲೆಯಲ್ಲಿ ಸುತ್ತಿ ತಂದವರು ಅದರ ಹೆಸರನ್ನೂ ಬಳಕೆಯನ್ನೂ ತಂದಿರುತ್ತಿದ್ದರು. ಇಂದು ಕಡ್ಡಿ ಬರುತ್ತಿದೆ, ಹೆಸರು ಬರುತ್ತಿಲ್ಲ. ಹೆಸರು ಬಂದರೆ ಅಳತೆ ಬರುತ್ತಿಲ್ಲ. ಹಳೆಯ ಹೂಗಿಡಗಳನ್ನೂ ಉಪಯುಕ್ತ ಸಸ್ಯಗಳನ್ನೂ ಮನೆಯ ಹಿತ್ತಲಲ್ಲಿ ಬೆಳೆಸುವ ಕ್ರಮವನ್ನು ಈ ಸಂಚಿಕೆಯಲ್ಲಿ ವಿವೇಚಿಸುವಾಗ, ಗಿಡವನ್ನು ಉಳಿಸುವುದರ ಜೊತೆಗೆ ಗಿಡದ ಗುರುತನ್ನು ಉಳಿಸುವುದು ಹೇಗೆಂಬುದನ್ನೇ ನಾವು ಮುಖ್ಯವಾಗಿ ಹೇಳಬಯಸುತ್ತೇವೆ.

ಮೂರೂ ಉಳಿದ ಒಂದು ಗಿಡ: ಮದ್ದು ಸೊಪ್ಪು

ಹೆಸರು, ಗುರುತು, ಅಳತೆ ಮೂರೂ ಒಟ್ಟಿಗೆ ಉಳಿದಿರುವುದಕ್ಕೆ ಕೊಡಗಿನಲ್ಲಿಯೇ ಶ್ರೇಷ್ಠ ನಿದರ್ಶನವಿದೆ. ಕೊಡವರು ಮದ್ದು ತೊಪ್ಪು ಎಂದೂ ಉಳಿದವರು ಮದ್ದು ಸೊಪ್ಪು, ಆಟಿ ಸೊಪ್ಪು ಎಂದೂ ಕರೆಯುವ ಈ ಪೊದೆಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್ ಎಂದು ಹೆಸರು; ನೆರೆಯ ವಯನಾಡಿನ ಹೆಸರೇ ಅದರಲ್ಲಿ ಸೇರಿಕೊಂಡಿದೆ. ಕಕ್ಕಡ ಮಾಸದ 18ನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಎಲೆ ಕಾಂಡಗಳನ್ನು ಕೊಯ್ದು ತಂದು ನೀರಿನಲ್ಲಿ ಕುದಿಸುತ್ತಾರೆ. ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೋಸಿ, ಅದರಲ್ಲಿಯೇ ಅಕ್ಕಿಯನ್ನು ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಸೇರಿಸಿ ಪಾಯಸ ಮಾಡುತ್ತಾರೆ. ಜಾತಿ ಭಾಷೆಗಳ ಭೇದವಿಲ್ಲದೆ ಕೊಡಗಿನ ಬಹುಪಾಲು ಮನೆಗಳಲ್ಲಿ ಆ ದಿನ ಈ ಪಾಯಸವಿರುತ್ತದೆ. ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧಗಳು ಸೇರುತ್ತವೆಂಬುದು ಜನರ ನಂಬಿಕೆ.

ಸಂಖ್ಯೆಯ ಮಾತು ಹೇಗೇ ಇರಲಿ, ಆಚರಣೆಯ ಹಿಂದಿನ ವಿವೇಕವನ್ನು ಗಮನಿಸಬೇಕು. ಆಟಿಯ ಮಳೆಯಲ್ಲಿ ಜಠರಾಗ್ನಿ ಮಂದವಾಗಿರುತ್ತದೆ, ವಾತ ಕೆರಳಿರುತ್ತದೆ ಎಂಬುದು ಆಯುರ್ವೇದದ ಋತುಚರ್ಯೆಯ ಅಭಿಪ್ರಾಯ. ಅಂಥ ಕಾಲದಲ್ಲಿ ಬಿಸಿಯಾದ, ಔಷಧೀಯ ಗುಣವುಳ್ಳ ಆಹಾರವೊಂದನ್ನು ಇಡೀ ಊರು ಮಿತವಾಗಿ ಸೇವಿಸುವ ಏರ್ಪಾಡು ಇದು. ಬಳಸುವ ದಿನ ನಿಶ್ಚಿತ, ಬೇಯಿಸುವ ಕ್ರಮ ನಿಶ್ಚಿತ, ವರ್ಷಕ್ಕೊಮ್ಮೆ ಎಂಬ ಮಿತಿಯೂ ನಿಶ್ಚಿತ. ಇದನ್ನು ತಿಂಗಳುಗಟ್ಟಲೆ ಪುಡಿ ಮಾಡಿಟ್ಟು ಸೇವಿಸಿರೆಂದು ಹಿರಿಯರು ಹೇಳಲಿಲ್ಲ. ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಆದರೆ ಎರಡು ದಿನ ಕಳೆದರೂ ಕೆಂಪು ಹೋಗದಿದ್ದರೆ, ಅಥವಾ ಉರಿ, ನೋವು, ಜ್ವರ ಜೊತೆಗಿದ್ದರೆ, ಅದು ಸೊಪ್ಪಿನ ಬಣ್ಣವೆಂದು ಸುಮ್ಮನಿರದೆ ಮೂತ್ರಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರೂ ನಿತ್ಯ ಔಷಧ ಸೇವಿಸುತ್ತಿರುವವರೂ ವೈದ್ಯರನ್ನು ಕೇಳಿಯೇ ಉಣ್ಣುವುದು ಲೇಸು.

ಈ ಗಿಡವನ್ನು ಬೆಳೆಸುವುದು ಬಹಳ ಸುಲಭ. ಕಾಫಿ ತೋಟದ ನೆರಳಿನಲ್ಲಿ, ತೋಡಿನ ದಡದ ತೇವದಲ್ಲಿ ಅದು ತಾನಾಗಿ ಹಬ್ಬುತ್ತದೆ. ಗೇಣುದ್ದದ, ಎರಡು ಮೂರು ಗಿಣ್ಣುಗಳಿರುವ ಕಡ್ಡಿಯನ್ನು ಜೂನ್ ತಿಂಗಳಲ್ಲಿ ನೆರಳಿರುವ ಕಡೆ ಊರಿದರೆ ಬೇರು ಬಿಡುತ್ತದೆ. ಪೇಟೆಯಲ್ಲಿ ಆಗಸ್ಟ್ ಮೊದಲ ವಾರ ಕಟ್ಟು ಕಟ್ಟಾಗಿ ಮಾರಾಟಕ್ಕೆ ಬರುವ ಸೊಪ್ಪಿನಲ್ಲಿ ಬಲಿತ ಒಂದೆರಡು ಕಡ್ಡಿಗಳನ್ನು ಉಳಿಸಿ ಊರಿಕೊಂಡರೂ ಸಾಕು.

ಗುರುತು ತಪ್ಪಿದಾಗ: ಅಮೃತಬಳ್ಳಿಯ ಪಾಠ

ಹೆಸರು ಉಳಿದು ಗುರುತು ಸಡಿಲವಾದರೆ ಏನಾಗುತ್ತದೆಂಬುದನ್ನು ಕೋವಿಡ್ ಕಾಲ ನಮಗೆ ತೋರಿಸಿತು. 2020 ಮತ್ತು 2021ರಲ್ಲಿ ರೋಗನಿರೋಧಕ ಶಕ್ತಿಗಾಗಿ ಅಮೃತಬಳ್ಳಿಯ ಕಷಾಯ ಕುಡಿಯುವುದು ದೇಶದ ಉದ್ದಗಲಕ್ಕೂ ಹಬ್ಬಿತು. ಮುಂದೆ ಮುಂಬಯಿಯ ಯಕೃತ್ತಿನ ತಜ್ಞರು, ಅದನ್ನು ಸೇವಿಸಿದ ಕೆಲವರಲ್ಲಿ ಕಾಮಾಲೆ ಮತ್ತು ಯಕೃತ್ತಿನ ಹಾನಿ ಕಂಡುಬಂದುದನ್ನು 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯವು ಅಮೃತಬಳ್ಳಿಯನ್ನು ಸಮರ್ಥಿಸಿಕೊಂಡಿತಾದರೂ, ಅದನ್ನೇ ಹೋಲುವ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸುವ ಅಪಾಯವಿದೆಯೆಂದು ಎಚ್ಚರಿಸಿ, ಎರಡರ ನಡುವಿನ ವ್ಯತ್ಯಾಸಗಳನ್ನು ಪ್ರಕಟಿಸಿತು. ವಾದ ಎರಡೂ ಕಡೆಯಿಂದ ನಡೆಯಿತು. ಮನೆಯ ಬಳ್ಳಿಯಿಂದ ಕಷಾಯ ಮಾಡುವ ನಮಗೆ ಅದರಿಂದ ಎರಡು ಪಾಠಗಳಿವೆ.

ಮೊದಲನೆಯದು ಗುರುತಿನದು. ಔಷಧಿಗೆ ಯೋಗ್ಯವಾದ ಅಮೃತಬಳ್ಳಿ ಟೈನೋಸ್ಪೋರಾ ಕಾರ್ಡಿಫೋಲಿಯಾ. ಅದರ ಎಲೆ ಹೃದಯಾಕಾರದ್ದು, ಎರಡೂ ಬದಿ ನುಣುಪು. ಎಳೆಯ ಕಾಂಡ ಹಸಿರು. ಕಾಂಡವನ್ನು ಕತ್ತರಿಸಿದರೆ ಹಾಲು ಒಸರುವುದಿಲ್ಲ. ಹಣ್ಣು ದುಂಡಗೆ, ಕೆಂಪಾಗಿ ಗೊಂಚಲಿನಲ್ಲಿರುತ್ತದೆ. ಅದರ ಸೋದರ ಜಾತಿಯಾದ ಟೈನೋಸ್ಪೋರಾ ಕ್ರಿಸ್ಪಾದ ಬೂದು ಬಣ್ಣದ ಕಾಂಡದ ಮೇಲೆಲ್ಲ ನರುಲಿಯಂಥ ಗಂಟುಗಳು ದಟ್ಟವಾಗಿರುತ್ತವೆ, ಕತ್ತರಿಸಿದರೆ ಹಾಲಿನಂಥ ರಸ ಒಸರುತ್ತದೆ. ಮತ್ತೊಂದು ಜಾತಿಯ ಎಲೆಯ ಕೆಳಬದಿಯಲ್ಲಿ ಮೃದುವಾದ ರೋಮಗಳಿರುತ್ತವೆ. ನೆರೆಮನೆಯವರು ಕೊಟ್ಟ ಬಳ್ಳಿಯನ್ನು ಹಬ್ಬಿಸುವ ಮುನ್ನ ಕಾಂಡವನ್ನು ಮುಟ್ಟಿ ನೋಡಿ, ಕತ್ತರಿಸಿ ನೋಡಿ, ಎಲೆಯನ್ನು ಮಗುಚಿ ನೋಡಿ.

ಎರಡನೆಯದು ಅಳತೆಯದು. ಸರಿಯಾದ ಅಮೃತಬಳ್ಳಿಯೇ ಆದರೂ ಅದು ನಿತ್ಯದ ಪಾನೀಯವಲ್ಲ, ಔಷಧ. ಯಕೃತ್ತಿನ ತೊಂದರೆಯುಳ್ಳವರು, ದೇಹದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಸಂಧಿವಾತದಂಥ ವ್ಯಾಧಿಗಳಿಂದ ಬಳಲುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರಲ್ಲಿ ಅದು ರಕ್ತದ ಸಕ್ಕರೆಯನ್ನು ಮತ್ತಷ್ಟು ಇಳಿಸಬಹುದು. ಕಷಾಯ ಕುಡಿಯುತ್ತಿರುವಾಗ ಹಸಿವು ಹೋಗಿ, ಕಣ್ಣು ಹಳದಿಯಾಗಿ, ಮೂತ್ರ ಗಾಢವಾದರೆ ತತ್‌ಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಹೆಸರಿನ ಗೊಂದಲ ಅಮೃತಬಳ್ಳಿಗೆ ಮಾತ್ರ ಸೀಮಿತವಲ್ಲ. ಬ್ರಾಹ್ಮಿ ಎಂದರೆ ನಮ್ಮಲ್ಲಿ ಹಲವರು ಒಂದೆಲಗವನ್ನು ತೋರಿಸುತ್ತಾರೆ. ಅದು ಶಾಸ್ತ್ರದ ಮಂಡೂಕಪರ್ಣಿ. ದಪ್ಪನೆಯ ಪುಟ್ಟ ಎಲೆಗಳ ನೀರುಬ್ರಾಹ್ಮಿ ಬೇರೆಯೇ ಸಸ್ಯ. ಎರಡೂ ಒಳ್ಳೆಯವೇ, ಆದರೆ ಗುಣವೂ ಮಾತ್ರೆಯೂ ಒಂದೇ ಅಲ್ಲ. ಆದ್ದರಿಂದ ಔಷಧಿಯ ಗಿಡಕ್ಕೆ ಒಂದೇ ಹೆಸರನ್ನು ನೆಚ್ಚಿಕೊಳ್ಳಬಾರದು. ಎಲೆ, ಕಾಂಡ, ಹೂ, ವಾಸನೆ ಎಲ್ಲವೂ ಕೂಡಿ ಸಾಕ್ಷಿ ಹೇಳಬೇಕು.

ಪೂಜೆಗೆ ಸಲ್ಲುವ ಹೂ, ಬಾಯಿಗೆ ಸಲ್ಲದ ಗಿಡ

ನಮ್ಮ ಮನೆಗಳ ಹೂದೋಟ ಇಷ್ಟಲಿಂಗಪೂಜೆಯ ಅಗತ್ಯದಿಂದಲೇ ಬೆಳೆದುದು. ಬೆಳಗ್ಗೆ ಪತ್ರೆ ಪುಷ್ಪಗಳನ್ನು ಮನೆಯಂಗಳದಿಂದಲೇ ಬಿಡಿಸಿ ತರುವ ರೂಢಿ ಎಷ್ಟೋ ಹಳೆಯ ತಳಿಗಳನ್ನು ಉಳಿಸಿದೆ. ಆದರೆ ಪೂಜೆಗೆ ಬರುವ ಹೂವೆಲ್ಲವೂ ನಿರಪಾಯವೆಂದು ತಿಳಿಯಬಾರದು. ಎಕ್ಕ, ಕಣಗಿಲೆ, ದತ್ತೂರಿ, ಅಗ್ನಿಶಿಖೆ, ಗುಲಗಂಜಿ ಇವನ್ನು ಆಯುರ್ವೇದವು ಉಪವಿಷಗಳ ಸಾಲಿನಲ್ಲಿ ಎಣಿಸಿದೆ. ಶಾಸ್ತ್ರೋಕ್ತವಾಗಿ ಶುದ್ಧಿ ಮಾಡದೆ ಇವನ್ನು ಒಳಗೆ ಕೊಡುವಂತಿಲ್ಲ, ಮನೆಯಲ್ಲಿ ಅದನ್ನು ಮಾಡಲು ಯತ್ನಿಸುವಂತೆಯೂ ಇಲ್ಲ.

ಇವುಗಳಲ್ಲಿ ಅಗ್ನಿಶಿಖೆಯ ವಿಷಯವನ್ನು ಕೊಡಗಿನವರಾದ ನಾವು ವಿಶೇಷವಾಗಿ ತಿಳಿದಿರಬೇಕು. ಗೌರಿ ಹೂವೆಂದೂ ಇದಕ್ಕೆ ಹೆಸರುಂಟು. ಕೊಡವ ಭಾಷೆಯಲ್ಲಿ ಇದು ತೋಕ್ ಪೂ, ಅಂದರೆ ಕೋವಿಯ ಹೂ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸುವಾಗ ಕೋವಿಯ ನಳಿಗೆಗೆ ಈ ಹೂವನ್ನು ಸಿಕ್ಕಿಸುತ್ತಾರೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವ ಬಳ್ಳಿ. ಹಳದಿ ಕೆಂಪು ಬಣ್ಣದ ದಳಗಳು ಉರಿಯ ನಾಲಗೆಗಳಂತೆ ಮೇಲ್ಮುಖವಾಗಿ ಬಾಗಿರುತ್ತವೆ. ನೇಗಿಲನ್ನು ಹೋಲುವ ಗೆಡ್ಡೆಯಿಂದಾಗಿ ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂದು ಹೆಸರು. ಇಡೀ ಗಿಡದಲ್ಲಿ, ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ತಪ್ಪಾಗಿ ತಿಳಿದು ಗೆಡ್ಡೆಯನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿಗಳು ಆರಂಭವಾಗಿ, ಮುಂದೆ ಮೂತ್ರಪಿಂಡ, ಯಕೃತ್ತು, ಹೃದಯ ಎಲ್ಲವೂ ಸೋಲಬಹುದು, ಸಾವೂ ಸಂಭವಿಸಬಹುದು. ಹೀಗೆಂದು ಆ ಬಳ್ಳಿಯನ್ನು ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. ಹಬ್ಬದ ಹೂ ಹಬ್ಬಕ್ಕೆ ಬೇಕು. ಅದನ್ನು ಬೇಲಿಯ ಅಂಚಿನಲ್ಲಿ ಬೆಳೆಸಿ. ಗೆಣಸು, ಶುಂಠಿ, ಅರಿಶಿನ, ಕೆಸುವಿನ ಪಾತಿಗಳ ಬಳಿ ಎಂದೂ ನೆಡಬೇಡಿ. ಗೆಡ್ಡೆಯನ್ನು ಸ್ಥಳಾಂತರಿಸುವಾಗ ಕೈಗವಸು ಧರಿಸಿ, ಅಡುಗೆಮನೆಗೆ ತಾರದೆ ನೇರವಾಗಿ ನೆಲಕ್ಕೆ ಸೇರಿಸಿ.

ಕಣಗಿಲೆಯ ಎಲ್ಲ ಭಾಗಗಳೂ, ಹಳದಿ ಕಣಗಿಲೆಯ ಬೀಜವಂತೂ ವಿಶೇಷವಾಗಿ, ಹೃದಯದ ಬಡಿತವನ್ನು ಕೆಡಿಸುವಂಥವು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೆ ಅಪಾಯ. ಎಲೆ ಬಿಡಿಸಿದ ಕೈಯನ್ನು ತೊಳೆಯದೆ ಕಣ್ಣನ್ನು ಉಜ್ಜಿಕೊಳ್ಳಬಾರದು. ಮಡಿಕೇರಿಯ ಕಡೆಯ ಬೇಲಿಗಳಲ್ಲಿ ಕಹಳೆಯಂತೆ ಜೋತುಬಿದ್ದು ಸಂಜೆಗೆ ಪರಿಮಳ ಬೀರುವ ದೊಡ್ಡ ಹೂವಿನ ಗಿಡವೂ ದತ್ತೂರಿಯ ಬಳಗದ್ದೇ, ಅಷ್ಟೇ ವಿಷಕಾರಿ. ಮನೆಯ ಮಕ್ಕಳಿಗೆ ಇವನ್ನು ಕೈ ಹಿಡಿದು ತೋರಿಸಿ, ‘ಇದು ದೇವರಿಗೆ, ಬಾಯಿಗಲ್ಲ’ ಎಂದು ಹೇಳಿಕೊಡಬೇಕು. ಯಾರಾದರೂ ಅರಿಯದೆ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮನೆಮದ್ದಿಗೆಂದು ಹೊತ್ತು ಕಳೆಯುವುದು ಸಲ್ಲದು. ತಿಂದ ಗಿಡದ ತುಂಡನ್ನು ಎಲೆ ಸಮೇತ ಜೊತೆಗೆ ತೆಗೆದುಕೊಂಡು, 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ತಲುಪಿಸಬೇಕು.

ಹಿತ್ತಲಲ್ಲಿ ಇರಬೇಕಾದ ಸೌಮ್ಯ ಸಸ್ಯಗಳು

ದೊಡ್ಡಪತ್ರೆ: ಎರಡು ಮೂರು ಎಲೆಗಳನ್ನು ಬಾಡಿಸಿ ಹಿಂಡಿದ ರಸವನ್ನು ಜೇನಿನೊಂದಿಗೆ ಕೊಟ್ಟರೆ ಮಕ್ಕಳ ನೆಗಡಿ ಕೆಮ್ಮಿಗೆ ಹಿತ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನನ್ನು ಕೊಡಲೇಬಾರದು. ಮಳೆಗಾಲದ ನಿಂತ ನೀರಿಗೆ ಇದರ ಬೇರು ಕೊಳೆಯುತ್ತದೆ. ಕುಂಡದಲ್ಲಿ ನೆಟ್ಟು ಸೂರಿನ ಕೆಳಗಿಡಿ.

ತುಳಸಿ: ಎಲೆಯ ಕಷಾಯ ನೆಗಡಿಗೆ ಹಿತವೆಂಬುದು ಎಲ್ಲರಿಗೂ ತಿಳಿದದ್ದೇ. ಆಟಿಯ ಮಳೆಯಲ್ಲಿ ತುಳಸಿ ಸಾಯುವುದು ಕೊಡಗಿನಲ್ಲಿ ಸಾಮಾನ್ಯ. ಬೇಸಿಗೆಯ ಮೊದಲೇ ಒಣಗಿದ ತೆನೆಯನ್ನು ಉಜ್ಜಿ ಬೀಜ ತೆಗೆದಿಟ್ಟುಕೊಂಡರೆ ಮನೆಯ ತಳಿ ತಪ್ಪುವುದಿಲ್ಲ.

ಆಡುಸೋಗೆ: ದನಕರು ಬಾಯಿ ಹಾಕದ ಈ ಗಿಡ ಬೇಲಿಗೆ ಯೋಗ್ಯ. ಕಫದ ಕೆಮ್ಮಿಗೆ ಎಲೆಯ ರಸವನ್ನು ದೊಡ್ಡವರು 10 ಮಿಲಿಯಷ್ಟು ಜೇನು ಬೆರೆಸಿ ಸೇವಿಸಬಹುದು. ಗರ್ಭಿಣಿಯರಿಗೆ ಇದು ನಿಷಿದ್ಧ. ಎರಡು ವಾರ ಮೀರಿದ ಕೆಮ್ಮಿಗೆ ಆಡುಸೋಗೆಯನ್ನು ನೆಚ್ಚಿ ಕೂರದೆ ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯವಿದ್ದರೆ ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯಿದೆ.

ಒಂದೆಲಗ: ತಂಬುಳಿಗೆ, ಚಟ್ನಿಗೆ ಹಿತವಾದ ಸೊಪ್ಪು. ನೆಲಕ್ಕೆ ಅಂಟಿ ಹಬ್ಬುವುದರಿಂದ ಮನೆಯ ಬಚ್ಚಲಿನ ನೀರು ಹರಿಯುವಲ್ಲಿ ಬೆಳೆದದ್ದನ್ನು ಕೊಯ್ಯಬಾರದು. ಶುದ್ಧ ನೀರು ತಾಗುವ ಪಾತಿಯಲ್ಲಿ ಬೆಳೆಸಿ, ಹಲವು ಸಲ ತೊಳೆದು ಬಳಸಬೇಕು.

ಕೆಂಪು ದಾಸವಾಳ: ಐದೆಸಳಿನ ಹಳೆಯ ತಳಿಯೇ ಔಷಧಿಗೆ ರೂಢಿಯಲ್ಲಿರುವುದು. ಎಲೆ ಮತ್ತು ಹೂವಿನ ಲೋಳೆ ತಲೆಗೂದಲಿಗೆ ತಂಪು. ಗರ್ಭ ಧರಿಸಬಯಸುವವರೂ ಗರ್ಭಿಣಿಯರೂ ಹೂವನ್ನು ಒಳಗೆ ಸೇವಿಸದಿರುವುದು ಕ್ಷೇಮ.

ನಾಟಿ ಗುಲಾಬಿ: ಪರಿಮಳವುಳ್ಳ ಪನ್ನೀರು ಗುಲಾಬಿಯ ಎಸಳಿನಿಂದ ಮನೆಯಲ್ಲಿಯೇ ಗುಲ್ಕನ್ ಮಾಡಬಹುದು. ಪೇಟೆಯಿಂದ ತಂದ ಹೂಗುಚ್ಛದ ಗುಲಾಬಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ. ಅದು ನೋಡಲಿಕ್ಕೆ ಮಾತ್ರ.

ಬಿಲ್ವ, ಪಾರಿಜಾತ, ನಂದಿಬಟ್ಟಲು, ತುಂಬೆ: ಬಿಲ್ವಕ್ಕೆ ಬಿಸಿಲು ಬೇಕು, ಕಾಲಲ್ಲಿ ನೀರು ನಿಲ್ಲಬಾರದು, ಕುಶಾಲನಗರ, ಶನಿವಾರಸಂತೆಯ ಕಡೆ ಸುಲಭವಾಗಿ ಬೆಳೆಯುವ ಈ ಮರವನ್ನು ಭಾರೀ ಮಳೆಯ ಕಡೆ ದಿಬ್ಬದ ಮೇಲೆ ನೆಡಬೇಕು. ತುಂಬೆಯನ್ನು ನೆಡುವ ಅಗತ್ಯವೇ ಇರಲಿಲ್ಲ, ಗದ್ದೆಯಂಚಿನಲ್ಲಿ ತಾನಾಗಿ ಬೆಳೆಯುತ್ತಿತ್ತು. ಕಳೆನಾಶಕದ ಬಳಕೆ ಹೆಚ್ಚಿದಲ್ಲೆಲ್ಲ ತುಂಬೆ, ನೆಲನೆಲ್ಲಿ, ಗರಿಕೆ ಮರೆಯಾಗುತ್ತಿವೆ. ಕಳೆಯೆಂದು ನಾವು ಸುಡುವ ಪಟ್ಟಿಯಲ್ಲಿ ಶಿವರಾತ್ರಿಯ ಹೂವೂ ಸೇರಿದೆ. ಹಿತ್ತಲಿನ ಒಂದು ಮೂಲೆಯನ್ನಾದರೂ ಔಷಧಿ ಸಿಂಪಡಿಸದೆ ಬಿಟ್ಟರೆ ಅವು ಮರಳಿ ಬರಲು ಎಡೆಯಾದೀತು.

ಇಷ್ಟನ್ನು ಹೇಳಿದ ಮೇಲೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಳೆಗಾಲದ ಜ್ವರ ಡೆಂಗಿಯದೂ ಇಲಿಜ್ವರದ್ದೂ ಆಗಿರಬಹುದು. ಎರಡು ದಿನದಲ್ಲಿ ಇಳಿಯದ ಜ್ವರಕ್ಕೆ ರಕ್ತಪರೀಕ್ಷೆ ಬೇಕು. ಗದ್ದೆ ತೋಡುಗಳಲ್ಲಿ ಕೆಲಸ ಮಾಡಿದವರಿಗೆ ಮೀನಖಂಡದ ನೋವು, ಕೆಂಗಣ್ಣು ಜೊತೆಗಿದ್ದರೆ ಒಂದು ದಿನವೂ ಕಾಯಬಾರದು. ಹಿತ್ತಲ ಕಷಾಯ ಆಸ್ಪತ್ರೆಯ ದಾರಿಯನ್ನು ಅಡ್ಡಗಟ್ಟಬಾರದು.

ಕೊಡಗಿನ ಮಣ್ಣು, ಮಳೆ, ಬೇಸಾಯದ ಕ್ರಮ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪೂರ್ವದ ಕುಶಾಲನಗರದ ಕಡೆ ಅದರ ಅರ್ಧವೂ ಬೀಳುವುದಿಲ್ಲ. ಆದ್ದರಿಂದ ಒಂದು ಊರಿನ ಕ್ರಮ ಇನ್ನೊಂದಕ್ಕೆ ಹಾಗೆಯೇ ಹೊಂದದು. ಮಳೆ ಹೆಚ್ಚಿರುವಲ್ಲಿ ಮಣ್ಣು ಹುಳಿಯಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವಂತೆ ಹಿತ್ತಲಿಗೂ ಸ್ವಲ್ಪ ಸುಣ್ಣ, ಒಲೆಯ ಬೂದಿ ಬೇಕು. ಪಾತಿಗಳನ್ನು ಒಂದಡಿ ಏರಿಸಿ, ಸುತ್ತ ಚರಂಡಿ ತೆಗೆಯಬೇಕು.

ಮಾರ್ಚ್ ಏಪ್ರಿಲ್ ತಿಂಗಳುಗಳ ಮಳೆಯಲ್ಲಿ ಅರಿಶಿನ, ಶುಂಠಿಯ ಪಾತಿಗಳನ್ನು ಸಿದ್ಧಮಾಡಿಕೊಳ್ಳಬಹುದು. ಜೂನ್ ಮಳೆ ಹಿಡಿಯುತ್ತಿದ್ದಂತೆ ದಾಸವಾಳ, ನಂದಿಬಟ್ಟಲು, ಆಡುಸೋಗೆ, ಮದ್ದು ಸೊಪ್ಪಿನ ಕಡ್ಡಿಗಳನ್ನು ಊರಬೇಕು. ಜುಲೈ ಆಗಸ್ಟ್ ತಿಂಗಳುಗಳು ಕಾಯುವ ಕಾಲ. ತೋಟಗಳನ್ನು ಕಾಡುವ ಆಫ್ರಿಕಾದ ದೊಡ್ಡ ಬಸವನಹುಳುಗಳು ಹಿತ್ತಲಿಗೂ ಬರುತ್ತವೆ. ಮುಸ್ಸಂಜೆ ಅವನ್ನು ಆರಿಸಿ ಉಪ್ಪುನೀರಿಗೆ ಹಾಕಬೇಕು. ಅವು ಮನುಷ್ಯರಿಗೆ ರೋಗ ತರುವ ಹುಳುಗಳನ್ನು ಹೊತ್ತಿರಬಹುದಾದ್ದರಿಂದ ಬರಿಗೈಯಿಂದ ಮುಟ್ಟಬಾರದು. ಅಕ್ಟೋಬರ್ ನಂತರ ಸೇವಂತಿಗೆ, ಚೆಂಡುಹೂಗಳ ಕಾಲ. ಡೇಲಿಯಾದ ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಕಿತ್ತು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿದ ಮರಳಿನಲ್ಲಿಟ್ಟರೆ ಮರುವರ್ಷಕ್ಕೆ ಸಿದ್ಧ.

ಕಾಫಿ, ಮೆಣಸಿನ ತೋಟಗಳಿಗೆ ಮಳೆಗೆ ಮುನ್ನ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ವಾಡಿಕೆ. ಹಾಗೆ ಸಿಂಪಡಿಸಿದ ಮರಗಳ ಬುಡದಲ್ಲಿರುವ ಒಂದೆಲಗ, ಮದ್ದು ಸೊಪ್ಪುಗಳನ್ನು ಕೊಯ್ಯಬಾರದು. ಔಷಧಿಯ ಪಾತಿ ತೋಟದಿಂದ ದೂರವಿರಲಿ, ಇಳಿಜಾರಿನಲ್ಲಿ ತೋಟದ ನೀರು ಹರಿದು ಬರದ ಕಡೆ ಇರಲಿ.

ಹಳೆಯ ತಳಿಯನ್ನು ಉಳಿಸುವುದರಲ್ಲಿ ಎರಡು ದಾರಿಗಳಿವೆ. ತುಳಸಿ, ಚೆಂಡುಹೂ, ಶಂಖಪುಷ್ಪಗಳನ್ನು ಬೀಜದಿಂದ ಉಳಿಸಬಹುದು. ಅಂಗಡಿಯ ಹೈಬ್ರಿಡ್ ಬೀಜದ ಗಿಡದಿಂದ ತೆಗೆದ ಬೀಜ ಮರುವರ್ಷ ತಾಯಿಯಂತೆಯೇ ಬರುವುದಿಲ್ಲ. ನಾಟಿ ತಳಿಯ ಬೀಜ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ. ದಾಸವಾಳ, ಗುಲಾಬಿ, ನಂದಿಬಟ್ಟಲುಗಳನ್ನು ಕಡ್ಡಿಯಿಂದ ಮುಂದುವರಿಸುತ್ತೇವೆ. ಕಡ್ಡಿಯಿಂದ ಬೆಳೆದದ್ದು ತಾಯಿಗಿಡದ ಮಗುವಲ್ಲ, ತಾಯಿಗಿಡವೇ. ಅಜ್ಜಿ ತವರಿನಿಂದ ತಂದ ದಾಸವಾಳದ ಕಡ್ಡಿಯನ್ನು ಮೊಮ್ಮಗಳು ಊರಿದರೆ ಅವಳ ಅಂಗಳದಲ್ಲಿರುವುದು ಅದೇ ಹಳೆಯ ಗಿಡ.

ಕೊಟ್ಟದ್ದೇ ಉಳಿದದ್ದು

2018ರ ಆಗಸ್ಟ್‌ನ ಮಹಾಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಮನೆಗಳ ಜೊತೆಗೆ ಹಿತ್ತಲುಗಳೂ ಕೊಚ್ಚಿಹೋದವು. ತಲೆಮಾರುಗಳ ಕಾಲ ಒಂದೇ ಅಂಗಳದಲ್ಲಿದ್ದ ಗಿಡಗಳು ಒಂದು ಹಗಲಿನಲ್ಲಿ ಮಣ್ಣಾದವು. ಅಂಥ ಗಿಡದ ಕಡ್ಡಿಯೊಂದು ಮೊದಲೇ ಮಗಳ ಮನೆಗೋ ನೆಂಟರ ಮನೆಗೋ ಹೋಗಿದ್ದರೆ ಅಲ್ಲಿಂದ ಮರಳಿ ಬರಬಲ್ಲದು. ಹೋಗಿರದಿದ್ದರೆ ಅದು ಅಲ್ಲಿಗೆ ಮುಗಿಯಿತು. ದಾಸೋಹವೆಂಬುದು ಅನ್ನಕ್ಕೆ ಮಾತ್ರ ಸಲ್ಲುವ ಮಾತಲ್ಲ. ಅಪರೂಪದ ಗಿಡ ನಮ್ಮ ಮನೆಯಲ್ಲಿ ಮಾತ್ರ ಇದೆಯೆಂಬುದು ಹೆಮ್ಮೆಯ ವಿಷಯವಲ್ಲ, ಆತಂಕದ ವಿಷಯ. ಪ್ರತಿಯೊಂದು ಹಳೆಯ ಗಿಡವೂ ಕನಿಷ್ಠ ಮೂರು ಮನೆಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಊರುಗಳಲ್ಲಿ, ಇರುವಂತೆ ನೋಡಿಕೊಳ್ಳಬೇಕು. ಜಂಬೂರು, ಮದೆನಾಡು, ಕರ್ಣಂಗೇರಿಯ ಪುನರ್ವಸತಿ ಬಡಾವಣೆಗಳಂಥ ಕಿರಿದಾದ ಅಂಗಳದಲ್ಲಿ ಇರುವವರಿಗೆ ದೊಡ್ಡಪತ್ರೆ, ತುಳಸಿ, ಒಂದೆಲಗ, ಮಜ್ಜಿಗೆಹುಲ್ಲು, ಕೆಂಪು ದಾಸವಾಳ ಈ ಐದು ಕುಂಡಗಳು ಸಾಕು.

ಕೊಡುವಾಗ ಕಡ್ಡಿಯ ಜೊತೆ ಒಂದು ಚೀಟಿಯನ್ನೂ ಕೊಡಿ. ಗಿಡದ ಹೆಸರು ಕನ್ನಡದಲ್ಲಿ, ಕೊಡವ ಅಥವಾ ಅರೆಭಾಷೆಯಲ್ಲಿ ಬೇರೆ ಹೆಸರಿದ್ದರೆ ಅದೂ; ಯಾರ ಮನೆಯಿಂದ ಬಂದದ್ದು; ಯಾವ ಭಾಗ ಯಾವುದಕ್ಕೆ ಉಪಯೋಗ, ಎಷ್ಟು ಪ್ರಮಾಣ; ಯಾರು ಬಳಸಬಾರದು. ಇಷ್ಟನ್ನು ನಾಲ್ಕು ಸಾಲುಗಳಲ್ಲಿ ಬರೆಯಬಹುದು. ವಿಷಗಿಡವಾದರೆ ‘ಬಾಯಿಗೆ ಸಲ್ಲದು’ ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು ಅದೇ ವಿವರಗಳನ್ನು ಬರೆದಿಡಿ. ಒತ್ತಿ ಒಣಗಿಸಿದ ಎಲೆ ಹೂಗಳನ್ನು ಆಯಾ ಪುಟಕ್ಕೆ ಅಂಟಿಸಿ. ಗುರುತು ಖಚಿತವಾಗದ ಗಿಡವನ್ನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸಸ್ಯವಿಜ್ಞಾನ ಬಲ್ಲ ಅಧ್ಯಾಪಕರಿಗೋ ಅನುಭವಿ ಆಯುರ್ವೇದ ವೈದ್ಯರಿಗೋ ತೋರಿಸಿ ಕೇಳಿರಿ. ಗುರುತು ಸಿಗುವವರೆಗೆ ಅದು ಅಂಗಳದಲ್ಲಿರಲಿ, ಬಾಯಿಗೆ ಬರುವುದು ಬೇಡ.

ಬರೆಯುವ ಕೆಲಸವನ್ನು ಮುಂದೂಡಬಾರದು. ಮನೆಯ ಹಿರಿಯರು ಇನ್ನೂ ಅಂಗಳದಲ್ಲಿ ಓಡಾಡುತ್ತಿರುವಾಗಲೇ, ಬರುವ ಭಾನುವಾರವೇ, ಮೊಮ್ಮಕ್ಕಳ ಕೈಗೆ ಪುಸ್ತಕ ಕೊಟ್ಟು ಅವರ ಹಿಂದೆ ಕಳುಹಿಸಿ. ಹತ್ತು ಗಿಡಗಳ ಹೆಸರನ್ನು ಕೇಳಿ ಬರೆದುಕೊಳ್ಳಲಿ. ಹನ್ನೊಂದನೆಯದನ್ನು ಅಜ್ಜಿ ತಾನಾಗಿಯೇ ತೋರಿಸಿಯಾಳು.